ಮಚ್ಛೇಂದ್ರನ ನೀಲಿ ಚೀಲ

ಕುಣಿಗೆ ಇಳಿದಿದ್ದ ಕಪಿಲ ತಂದೆಯ ಹೆಣದ ಕಾಲ ಬುಡದಲ್ಲಿ ನೀಲಿ ಚೀಲವನ್ನಿಟ್ಟು, ಬಿಳಿ ಬಟ್ಟೆಯ ಅಂಚನ್ನು ಅದರ ಮೇಲೆ ಎಳೆದ. ಮೇಲೆ ಬಂದು ಕೈ ಒರೆಸಿಕೊಂಡಾಗ ಅವನಿಗೆ ನಿರಾಳವಾಯಿತು. ತಿಂಗಳಿಗೊಮ್ಮೆ ಬೀದರಿನ ದವಾಖಾನೆಯ ಮನೋರೋಗದ ವಿಭಾಗಕ್ಕೆ ಹೋಗಿ ಬರುತ್ತಿದ್ದ ಆ ಚೀಲ ಅಪ್ಪನ ಜೊತೆಗೇ ಹೋಗಲಿ. ತಂಗಿ ಉಜ್ವಲಾಳಿಗೆ ಗೊತ್ತು ಮಾಡಿದ್ದ ಔರಾದದ ಬೀಗರು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದರು. ದರ್ಜಿ ಮಚ್ಛೇಂದ್ರನಿಗೆ ಇದ್ದದ್ದು ಸಕ್ಕರೆ ಕಾಯಿಲೆ ಎಂದೇ ಅವರಿಗೆ ಹೇಳಲಾಗಿತ್ತು. ಊರವರೂ, ಪಾಪ, ಹುಡುಗಿಯ ಮದುವೆಯೆಂದು ಬಾಯಿ ಬಿಟ್ಟಿರಲಿಲ್ಲ.

ಖಟಕ ಚಿಂಚೋಳಿಯ ಜನ ಬುದ್ಧನ ತ್ರಿಶರಣ ಹೇಳಿ ಮುಗಿಸಿ, ಮಣ್ಣು ಹಾಕಲು ಸುತ್ತ ನೆರೆದರು. ಹಿಂದಿನಿಂದ ಅನ್ವರಿ ಬೇಗಂ ಬಂದು ಮಚ್ಛೇಂದ್ರನ ಹೆಂಡತಿ ಕೇಶರಬಾಯಿಯ ಪಕ್ಕ ನಿಂತಳು.

"ಭಾಬಿ, ಈ ಹೊತ್ತಿನ್ಯಾಗ ಕೇಳಬಾರದು," ಎಂದಳು ಮೆಲ್ಲಗೆ. "ಚೀಲ ಎಲ್ಲದರಿ? ನಮ್ಮ ಸರ್ದಾರಂದು ಗುಳಿಗಿ ನಾಳಿಗಿ ಮುಗೀತಾವ."

ಕೇಶರಬಾಯಿ ಕುಣಿಯತ್ತ ನೋಡಿದಳು. ಬಿಳಿ ಬಟ್ಟೆಯ ಕೆಳಗಿಂದ ನೀಲಿ ಪಟ್ಟಿಯೊಂದು ಹೊರಗೆ ಕಾಣುತ್ತಿತ್ತು.

* * *

ಎಂಟು ವರ್ಷದ ಹಿಂದೆ ನಿಷಾ ಎಂಬ ನರ್ಸ್ ಕಾಗದಗಳ ಕಟ್ಟು ಹಿಡಿದು ಊರಿಗೆ ಬಂದಿದ್ದಳು. ಹಳ್ಳಿಗಳಲ್ಲಿ ಮನಸ್ಸಿನ ಕಾಯಿಲೆಯವರು ಎಷ್ಟಿದ್ದಾರೆ, ಔಷಧ ಸಿಗುತ್ತಿದೆಯೇ ಎಂಬ ಸಂಶೋಧನೆ. ಮುನ್ನೂರು ಮನೆಯ ಬಾಗಿಲು ಬಡಿದಳು. ಅಷ್ಟೂ ಮನೆಯವರು ನಮ್ಮಲ್ಲಿ ಅಂಥವರಿಲ್ಲ, ದರ್ಜಿಯ ಮನೆಗೆ ಹೋಗಿ ಎಂದು ಕೈ ತೋರಿಸಿದರು. ಒಂದು ಕಾಲಕ್ಕೆ ಮಚ್ಛೇಂದ್ರ, ಯಾರೋ ಕರೆಯುತ್ತಿದ್ದಾರೆಂದು ಭಾಲ್ಕಿಯ ತನಕ ಬರಿಗಾಲಲ್ಲಿ ಓಡಿದ್ದನ್ನು ಊರು ಮರೆತಿರಲಿಲ್ಲ. ಆಮೇಲೆ ಗುಳಿಗೆ ನುಂಗುತ್ತ ಹನ್ನೆರಡು ವರ್ಷ ಅದೇ ಊರಿನ ಅಂಗಿಗಳಿಗೆ ನೆಟ್ಟಗೆ ಕಾಜಾ ಹೊಲಿದದ್ದು ಮಾತ್ರ ಯಾರಿಗೂ ನೆನಪಿರಲಿಲ್ಲ.

"ಹೌದ್ರಿ ಸಿಸ್ಟರ್, ಊರಿಗೆಲ್ಲ ನಾ ಒಬ್ಬವನೇ. ಬರ್ಕೋರಿ," ಎಂದು ಮಚ್ಛೇಂದ್ರ ನಕ್ಕಿದ್ದ.

ಆ ವಾರವೇ ಅನ್ವರಿ ಬೇಗಂ ಮಗನ ಅಂಗಿಯೊಂದನ್ನು ಹೊಲಿಗೆಗೆ ತಂದಳು. ಮಚ್ಛೇಂದ್ರ ತಿರುವಿ ಮುರುವಿ ನೋಡಿದರೂ ಹರಿದದ್ದು ಕಾಣಲಿಲ್ಲ. ಅವಳು ಅಳತೊಡಗಿದಾಗ, ಮಗನಿಗೂ ತನ್ನಂಥದೇ ಕಾಯಿಲೆ ಎಂದು ಅವನಿಗೆ ತಿಳಿಯಿತು. ಸರ್ದಾರನನ್ನು ಬೀದರಿಗೆ ಕರೆದೊಯ್ದು ತೋರಿಸಿದ. ಮುಂದೆ ಅವನ ಚೀಟಿಯನ್ನೂ ತನ್ನ ಚೀಲದಲ್ಲೇ ಒಯ್ದು, ತಂದ ಗುಳಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟು ಮಡಚಿ ಕೊಟ್ಟ. ವರ್ಷ ಕಳೆಯುವುದರಲ್ಲಿ ಐದು ಮನೆಯಿಂದ ಹೀಗೆ ಹರಿಯದ ಅಂಗಿಗಳು ಬರತೊಡಗಿದವು. ಇದು ಗೊತ್ತಿದ್ದದ್ದು ಕೇಶರಬಾಯಿಯೊಬ್ಬಳಿಗೆ. ಮಕ್ಕಳಿಗೂ ಹೇಳಿರಲಿಲ್ಲ.

* * *

"ತಡೀರಿ," ಎಂದಳು ಕೇಶರಬಾಯಿ.

ಯಾರಾದರೂ ಹಿಡಿಯುವ ಮೊದಲೇ ಕುಣಿಗಿಳಿದು ಚೀಲವನ್ನು ಎಳೆದಳು. ಅದರ ಬಾಯಿ ಬಿಚ್ಚಿಕೊಂಡು, ಗುಳಿಗೆಯ ಪಟ್ಟಿಗಳು ಗಂಡನ ಪಾದದ ಮೇಲೆ ಬಿದ್ದವು.

"ಅವ್ವಾ, ಔರಾದದವರು ನೋಡ್ಲತ್ತಾರ," ಎಂದು ಕಪಿಲ ಹಲ್ಲು ಕಚ್ಚಿದ.

ಬೀಗರಲ್ಲಿ ಹಿರಿಯನೊಬ್ಬ ಮುಂದೆ ಬಂದ. ಸತ್ತವರ ಔಷಧ ಮನೆಗೆ ಒಯ್ಯಬಾರದು, ಸಕ್ಕರೆ ಗುಳಿಗೆ ಅವರ ಜೊತೆಗೇ ಹೋಗಲಿ ಎಂದು ಸಮಾಧಾನದಿಂದಲೇ ಹೇಳಿದ. ಕೇಶರಬಾಯಿ ತಲೆಯೆತ್ತಿದಳು. ಆ ಐದೂ ಮನೆಯವರು ಮುಷ್ಟಿಯಲ್ಲಿ ಮಣ್ಣು ಹಿಡಿದು ಮೇಲೆ ನಿಂತಿದ್ದರು. ಅನ್ವರಿ ಬೇಗಂ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಒಬ್ಬರಾದರೂ ಮಾತಾಡಲಿ ಎಂದು ಕೇಶರಬಾಯಿಯ ಜೀವ ಹಂಬಲಿಸಿತು. ಅವರು ಕೈಯೊಳಗಿನ ಮಣ್ಣನ್ನೇ ನೋಡಿದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸರ್ದಾರನ ಗುಳಿಗೆಗಳು ನಾಳೆಗೆ ಮುಗಿಯುತ್ತಿದ್ದವು.

"ಸಕ್ಕರಿವು ಅಲ್ಲರಿ," ಎಂದಳು. "ತಲಿ ಕೆಟ್ಟವರು ನುಂಗೋ ಗುಳಿಗಿ ಇವು. ನನ್ನವು."

ಬೀಗರ ಜೀಪು ಊಟಕ್ಕೂ ನಿಲ್ಲದೆ ಔರಾದದ ಹಾದಿ ಹಿಡಿಯಿತು. ಕಪಿಲ ತಾಯಿಯ ಜೊತೆ ಮಾತು ಬಿಟ್ಟ. ಉಜ್ವಲಾ ಅತ್ತು ಅತ್ತು ಸಾಕಾಗಿ ಒಳಗೆ ಮಲಗಿದ್ದಳು. ಹೊತ್ತು ಇಳಿದ ಮೇಲೆ ಎದ್ದು ಪಡಸಾಲೆಗೆ ಬಂದರೆ ಅಪ್ಪನ ಹೊಲಿಗೆ ಯಂತ್ರದ ಮೇಲೆ ಐದು ಅಂಗಿಗಳಿದ್ದವು. ಇಟ್ಟವರು ಯಾರೂ ಕಾಣಲಿಲ್ಲ. ಸಾವಿನ ಮನೆಗೆ ಹೊಲಿಗೆ ತಂದವರು ಯಾರಪ್ಪ ಎಂದುಕೊಂಡು ಅವಳು ಒಂದೊಂದನ್ನೇ ಬಿಡಿಸಿ, ಕಾಲರು, ತೋಳು, ಅಂಚು ನೋಡಿದಳು.

ಒಂದೂ ಹರಿದಿರಲಿಲ್ಲ.