ಮೊದಲು ಖಾಲಿ ಎಣಿಸಬೇಕು

“ಗುದ್ಲಿ ನಿಲ್ಸ್ರೋ!” ಎಂದು ಚಿಕ್ಕಬೈರಪ್ಪ ತನ್ನ ಮನೆಯ ಕಲ್ಲುಚಪ್ಪಡಿಯ ಜಗಲಿಯಿಂದಲೇ ಕೂಗಿದಾಗ ಗುಂಡಿ ಮೊಣಕಾಲಾಳ ಇಳಿದಿತ್ತು.

ಈರವ್ವ ತಲೆಯೆತ್ತಿದಳು. ಪಕ್ಕದಲ್ಲಿ ಗಂಡ ಫಕೀರಪ್ಪ ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಹೆಣ ಕೂರಿಸುವ ಬಿದಿರಿನ ವಿಮಾನದಲ್ಲಿ ಕೂತಿದ್ದ. ನಿನ್ನೆ ಸಂಜೆ ಕಾಲೇಜಿನಿಂದ ಬಂದು ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಗದಗದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರಿಗೆ ಅಮೃತಹಳ್ಳಿಯಲ್ಲಿ ಆರಡಿ ನೆಲ ಎಲ್ಲಿಯದು? ಬಾಡಿಗೆ ಮನೆಯ ಯಜಮಾನ ಚಿಕ್ಕಬೈರಪ್ಪನೇ ಪಾಪ, ತನ್ನ ತೋಟದ ಮೂಲೆ ತೋರಿಸಿದ್ದ. ಬೆಳಗಾಗುವಷ್ಟರಲ್ಲಿ ಯಾರೋ ಅವನ ಕಿವಿ ಕಚ್ಚಿದ್ದರು.

“ತಪ್ಪು ತಿಳ್ಕಾಬ್ಯಾಡ ಕಣಮ್ಮ. ಅಲ್ಲೇ ಬಾವಿ ಐತೆ. ನಿನ್ ಗಂಡ ಅದಿನೈದ್ ವರ್ಸ ಕಾಲೇಜ್ನಾಗೆ ಆ ಇಸದ್ ಕಿರಣದ್ ಜತೆ ಗೇದವ್ನೆ. ಮೈಯಾಗಿರೋದು ನೀರಿಗಿಳಿದ್ರೆ ನಮ್ ಮಕ್ಳುಮರಿ ಗತಿ?”

ಹದಿನೈದು ವರ್ಷ ಈರವ್ವನಿಗೂ ಅದೇ ಭಯವಿತ್ತಲ್ಲ!

*

ಹೆಬ್ಬಾಳದ ಕಡೆಯ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಫಕೀರಪ್ಪ ಅಟೆಂಡರ್. ಸೀಸದ ಡಬ್ಬಿಯಿಂದ ಕಿರಣ ಸೂಸುವ ಕಾಳಿನಷ್ಟು ಪದಾರ್ಥವನ್ನು ಚಿಮಟದಲ್ಲಿ ಎತ್ತಿ ಕಿರಣ ಎಣಿಸುವ ಯಂತ್ರದ ಮುಂದಿಡುವುದು, ನಡುವೆ ಒಮ್ಮೆ ಕಾಗದ, ಒಮ್ಮೆ ಅಲ್ಯೂಮಿನಿಯಂ ತಗಡು, ಒಮ್ಮೆ ಸೀಸದ ಹಲಗೆ ನಿಲ್ಲಿಸುವುದು. ಮೂರು ಜಾತಿಯ ಕಿರಣಗಳಲ್ಲಿ ಯಾವುದು ಯಾವುದನ್ನು ತೂರುತ್ತದೆ ಎಂದು ಹುಡುಗರು ಬರೆದುಕೊಳ್ಳುತ್ತಿದ್ದರು.

ಕೆಲಸಕ್ಕೆ ಸೇರಿದ ವಾರ ಇದನ್ನೆಲ್ಲ ಅವನು ಸಂಭ್ರಮದಿಂದ ಹೇಳಿದ. ಮೂರನೇ ಜಾತಿಯದು ಗೋಡೆಯನ್ನೂ ತೂರುತ್ತದೆ ಎಂಬುದೊಂದೇ ಈರವ್ವನ ಕಿವಿಗೆ ಬಿತ್ತು. ಯಲಹಂಕದ ಸಂತೆಯಿಂದ ಅವನಿಗೆಂದೇ ಬೇರೆ ಒಂದು ಅಲ್ಯೂಮಿನಿಯಂ ಊಟದ ತಾಟು ತಂದು ಹೊರಗಿನ ಗೂಡಿನಲ್ಲಿಟ್ಟಳು. ಮಗಳು ರತ್ನವ್ವ ನಡೆಯುವವರೆಗೂ ಅವನಿಗೆ ಎತ್ತಿಕೊಳ್ಳಲು ಬಿಡಲಿಲ್ಲ.

“ಹುಚ್ಚಿ, ದೀಪದ ಮುಂದ ಕುಂತಾವ ಮನಿಗೆ ಬೆಳಕು ಹೊತ್ಕೊಂಡು ಬರ್ತಾನೇನು?” ಎಂದು ಅವನು ನಗುತ್ತಿದ್ದ. ಆಮೇಲೆ ತಾಟು ಬಡಿದು, “ಇಂಥಾವು ಇನ್ನೊಂದ್ನಾಲ್ಕು ಜೋಡಿಸಿದ್ರ ಎರಡನೇ ಜಾತಿದು ಇಲ್ಲೇ ನಿಂತುಬಿಡ್ತದ. ಚಲೋ ಆರಿಸಿ ತಂದೀ ಬಿಡು” ಎನ್ನುತ್ತಿದ್ದ. ಹೊರಗೇ ಉಂಡು ತಾನೇ ತೊಳೆದಿಡುತ್ತಿದ್ದ.

*

ಅಗೆತ ನಿಂತ ಸುದ್ದಿ ತಿಳಿದು ಆ ಪ್ರಯೋಗಶಾಲೆಯ ಮೇಷ್ಟ್ರು ವೀರಬಸಪ್ಪ ಕಾಲೇಜಿನ ಎಣಿಸುವ ಯಂತ್ರವನ್ನು ಸ್ಕೂಟರಿನಲ್ಲಿಟ್ಟುಕೊಂಡು ಬಂದರು. ಗಡಿಬಿಡಿಯಲ್ಲಿ ಅದರ ಕೊಳವೆಯನ್ನು ನೇರವಾಗಿ ಫಕೀರಪ್ಪನ ಎದೆಗೆ ಹಿಡಿದರು.

ಟಿಕ್. ಟಿಕ್ ಟಿಕ್.

“ಅಯ್ಯಯ್ಯೋ, ಐತೆ ಐತೆ!” ಎಂದು ಜನ ಹಿಂದೆ ಸರಿದರು. ಅಗೆಯುವವರು ಗುದ್ದಲಿ ಬಿಸಾಕಿ ಮೇಲೆ ಬಂದರು. ಮೇಷ್ಟ್ರ ಮುಖ ಬಿಳಿಚಿಕೊಂಡಿತು.

ಈರವ್ವ ಎದ್ದು ನಿಂತಳು. “ಸರ್, ಖಾಲಿ ಎಣಿಸಿದ್ರೇನ್ರಿ?”

“ಏನಂದಿ ತಂಗಿ?”

“ಏನೂ ಇಲ್ಲದ ಕಡಿಗೂ ಅದು ಟಿಕ್ ಅಂತದ, ಮೊದಲ ಖಾಲಿ ಎಣಿಸಬೇಕು ಅಂತಿದ್ರು ಇವರು. ದಿನಾ ಅಂತಿದ್ರು.”

ವೀರಬಸಪ್ಪ ನಾಚಿ ಹಣೆ ಚಚ್ಚಿಕೊಂಡರು. ದೂರದ ಬಯಲಿಗೆ ಹೋಗಿ ಗಡಿಯಾರ ಹಿಡಿದು ಎಣಿಸಿದರು: ನಿಮಿಷಕ್ಕೆ ಇಪ್ಪತ್ತು. ಮರಳಿ ಫಕೀರಪ್ಪನ ಎದೆಗೆ ಹಿಡಿದರು: ಹತ್ತೊಂಬತ್ತು.

“ಇಲ್ಲೂ ಎಣ್ಸಿ” ಎಂದ ಚಿಕ್ಕಬೈರಪ್ಪ, ಅನುಮಾನ ಬಿಡದೆ. ಜಗಲಿಯ ಚಪ್ಪಡಿಯ ಮೇಲೆ ಮೂವತ್ತೊಂದು. ಅವನು ಧಡಕ್ಕನೆ ಎದ್ದ.

“ಹೆದರಬ್ಯಾಡ್ರಿ ಗೌಡ್ರ. ನಿಮ್ಮ ಕಲ್ಲಿನಾಗ ಈ ಕಿರಣ ಹುಟ್ಟಾ ಇರ್ತದ, ಅದರಿಂದ ಯಾರಿಗೂ ಏನಾಗಿಲ್ಲ. ಇವನ ಮೈಯಾಗಂತೂ ಏನೂ ಇಲ್ಲ” ಎಂದರು ಮೇಷ್ಟ್ರು.

ಚಿಕ್ಕಬೈರಪ್ಪ ತಲೆಯ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡ. “ಅಗೀರ್ಲಾ” ಎಂದು, ತಾನೇ ಒಂದು ಗುದ್ದಲಿ ಹಿಡಿದು ಗುಂಡಿಗಿಳಿದ.

ಎಲ್ಲರೂ ಉಸಿರು ಬಿಟ್ಟರು. ಈರವ್ವ ಮಾತ್ರ ಗಂಡನ ತಣ್ಣನೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತಳು. “ಏನೂ ಇಲ್ಲಂತ್ರೀ… ಏನೂ ಇದ್ದಿಲ್ಲಂತ.”

*

ಮಣ್ಣು ಮಾಡಿ ಬಂದ ಮೇಲೆ ನೆರೆಮನೆಯ ಮುನಿಕೆಂಪಮ್ಮ ಅನ್ನ ಸಾರು ತಂದಳು. “ಒಂದ್ ತುತ್ತಾದ್ರೂ ಉಣ್ಣವ್ವ.”

ರತ್ನವ್ವ ಒಳಗಿನಿಂದ ಹಿತ್ತಾಳೆಯ ತಟ್ಟೆ ತಂದಿಟ್ಟಳು. ಈರವ್ವ ಅದನ್ನು ಪಕ್ಕಕ್ಕೆ ಸರಿಸಿ ಹೊರಗೆ ಹೋದಳು. ಗೂಡಿನಿಂದ ಆ ಅಲ್ಯೂಮಿನಿಯಂ ತಾಟು ತೆಗೆದು ಸೆರಗಿನಿಂದ ಒರೆಸಿದಳು. ಒಳಗೆ ಬಂದು ಕೂತು ಮಗಳ ಮುಂದೆ ಹಿಡಿದಳು.

“ಇದರಾಗ ನೀಡವ್ವ.”