ಇಪ್ಪತ್ತೆರಡನೇ ಕುಂಡದ ಚೀಟಿ

ಹದಿನೇಳನೇ ಕುಂಡಕ್ಕೆ ಚುಚ್ಚಿದ್ದ ಚೀಟಿಯನ್ನು ಸೂಜಿರಾಯರು ಮೂರನೇ ಸಲ ಓದಿದರು. "17. ಬದನೆ. ಬೇರಿಗೆ ಉಸಿರು ಕಟ್ಟುತ್ತಿದೆ. ಮಣ್ಣು ಸಡಿಲಿಸುವುದು."

ಅಕ್ಷರ ಅವರದೇ. ನೀಲಿ ಮಾರ್ಕರೂ ಅವರದೇ. ಏಳರ ಹೊಟ್ಟೆಗೆ ಅಡ್ಡಗೀಟು ಎಳೆಯುವ ಚಾಳಿಯೂ ಅವರದೇ. ಒಂದು ಏಳಾಗಿ, ಯಾರದೋ ಸಕ್ಕರೆ ಇನ್ಯಾರಿಗೋ ಏರಿಬಿಡಬಾರದೆಂದು ಮೂವತ್ತೊಂದು ವರ್ಷ ರಕ್ತದ ನಳಿಕೆಗಳ ಮೇಲೆ ಬರೆದೂ ಬರೆದೂ ಬಂದದ್ದು. ಬರೆದ ನೆನಪೊಂದು ಮಾತ್ರ ಅವರದಾಗಿರಲಿಲ್ಲ.

ಕುಂಡಕ್ಕೆ ಬೆರಳು ಚುಚ್ಚಿ ನೋಡಿದರು. ಉಗುರು ಮುರಿಯುವಷ್ಟು ಗಟ್ಟಿಯಾಗಿತ್ತು ಮಣ್ಣು. ಚೀಟಿ ಬರೆದವರು ಯಾರೇ ಇರಲಿ, ರೋಗ ಸರಿಯಾಗಿಯೇ ಹಿಡಿದಿದ್ದರು.

ಸೂಜಿರಾಯರು ಎಂಬುದು ಬೀದಿಯವರು ಇಟ್ಟ ಹೆಸರು. ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವರ ಕೆಲಸ, ಆ ಬೀದಿಯಲ್ಲಿ ಅವರು ಚುಚ್ಚದ ತೋಳಿರಲಿಲ್ಲ. ಎದುರಿಗೆ ಸಿಕ್ಕರೆ ಜನ ನಮಸ್ಕಾರಕ್ಕೂ ಮುಂಚೆ ಅಂಗಿಯ ತೋಳು ಕೆಳಗೆಳೆದುಕೊಳ್ಳುತ್ತಿದ್ದರು. ಕುರ್ಚಿಗೆ ಬಂದು ಕೂತವರಿಗೆಲ್ಲ ಅವರದು ಒಂದೇ ಪಾಠ, ಒಂದೇ ರಾಗ: "ಮುಷ್ಟಿ ಕಟ್ಟಿ. ಆ ಕಡೆ ನೋಡಿ. ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ. ಹ್ಞಾಂ... ಮುಷ್ಟಿ ಬಿಡಿ." ಆ 'ಹ್ಞಾಂ' ಹೇಳುವಷ್ಟರಲ್ಲಿ ಇರುವೆ ಕಚ್ಚಿ ಆಗಿರುತ್ತಿತ್ತು.

ತಾರಸಿಯ ಮೇಲೆ ಇಪ್ಪತ್ತಾರು ಕುಂಡಗಳು. ಕುಂಡವೆಂದರೆ ಬಣ್ಣದ ಡಬ್ಬಿ, ಬಿರುಕುಬಿಟ್ಟ ವಾಶ್‌ಬೇಸಿನ್, ಔಷಧಿ ತುಂಬಿ ಬಂದ ಥರ್ಮೊಕೋಲ್ ಪೆಟ್ಟಿಗೆ. ಒಂದೊಂದಕ್ಕೂ ನಂಬರು, ತಾರೀಖು, ಬೀಜ ಹಾಕಿದ ಹೊತ್ತು. ಐದೂವರೆಗೆ ನೀರು ಹಾಕಿ, ಹಸಿದ ಹೊಟ್ಟೆಯವರ ತೋಳು ಹಿಡಿಯಲು ಆರೂವರೆಗೆ ಮನೆ ಬಿಟ್ಟರೆ, ತಿರುಗಿ ತಾರಸಿ ಹತ್ತುವುದು ಮಧ್ಯಾಹ್ನ ಎರಡಕ್ಕೆ. ಅವರು ನೆಡದೆಯೂ ಬೆಳೆದದ್ದು ಪುದೀನ ಒಂದೇ. ಮೂಲೆಯ ನೀರಿನ ತೊಟ್ಟಿ ಸೋರುತ್ತಿತ್ತು. ಆ ಒದ್ದೆ ಹಿಡಿದು ಅದು ತೊಟ್ಟಿಯ ಹಿಂದಿನ ಇಕ್ಕಟ್ಟಿನ ತುಂಬ ಮೊಣಕಾಲುದ್ದ ಹಬ್ಬಿತ್ತು. ಅದನ್ನು ತುಳಿಯದೆ ಆ ಸಂದಿಗೆ ಹೋಗಲು ಬೆಕ್ಕಿಗೂ ಸಾಧ್ಯವಿರಲಿಲ್ಲ.

ಈ ಹೊತ್ತು ತಾರಸಿ ತುಂಬ ಪುದೀನದ ವಾಸನೆ. ಯಾರೋ ಈಗಷ್ಟೇ ತುಳಿದುಕೊಂಡು ಹೋದ ಹಾಗೆ. ರಾಯರು ಹೋಗಿ ತೊಟ್ಟಿಯ ಹಿಂದೆ ಇಣುಕಿದರು. ಯಾರೂ ಇರಲಿಲ್ಲ. ಬಾಗಿದ ಕಡ್ಡಿಗಳು ಒಂದೊಂದಾಗಿ ಮೇಲೇಳುತ್ತಿದ್ದವು.

ನಾಲ್ಕು ದಿನ ಕಳೆಯಿತು. "9. ಮೆಂತ್ಯ. ಇಂದೇ ಕೊಯ್ಯುವುದು, ನಾಳೆ ಕಹಿ." ಅದೇ ಅಕ್ಷರ. ಕೊತ್ತಂಬರಿಯ ಪೆಟ್ಟಿಗೆಯಲ್ಲಿ ಕಳೆ ಕಿತ್ತಿತ್ತು. ಹುರುಳಿಕಾಯಿ ಬಳ್ಳಿಗೆ ಹೊಸ ಕೋಲು ಬಂದಿತ್ತು.

ರಾಯರಿಗೆ ದಿಗಿಲಾಯಿತು. ಅವರ ತಂದೆ ಕೊನೆಕೊನೆಗೆ ಬಾಗಿಲಲ್ಲಿದ್ದ ತಮ್ಮದೇ ಚಪ್ಪಲಿ ನೋಡಿ "ಯಾರೋ ಬಂದಿದಾರೆ, ಕೂರಿಸಿ" ಅನ್ನುತ್ತಿದ್ದರು. ತನಗೂ ಆ ಕಾಲ ಬಂತೇ? ಮರುದಿನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ತಮ್ಮ ತೋಳಿಗೆ ತಾವೇ ಪಟ್ಟಿ ಬಿಗಿದು, ಅಭ್ಯಾಸಬಲದಿಂದ "ಆ ಕಡೆ ನೋಡಿ" ಎಂದೂ ಹೇಳಿಕೊಂಡರು. ಆ ಕಡೆ ನೋಡಿದ್ದರಿಂದ ಸೂಜಿ ಎರಡು ಸಲ ತಪ್ಪಿತು. ಸಕ್ಕರೆ, ಉಪ್ಪು, ಥೈರಾಯ್ಡು, ವಿಟಮಿನ್ನು ಎಲ್ಲವನ್ನೂ ನೋಡಿಸಿದರು. ಎಲ್ಲ ನೆಟ್ಟಗಿತ್ತು. ನೆಟ್ಟಗಿದ್ದದ್ದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ನೆನಪು ಗಟ್ಟಿಯಿದೆಯೇ ನೋಡಲೆಂದು ಬಸ್ಸಿನಲ್ಲಿ ನೂರರಿಂದ ಏಳೇಳು ಕಳೆಯುತ್ತ ಬಂದರು. ಎಲ್ಲೂ ತಪ್ಪಲಿಲ್ಲ, ತಮ್ಮ ಸ್ಟಾಪನ್ನು ಮಾತ್ರ ದಾಟಿಹೋಗಿದ್ದರು.

ಎರಡು ಸ್ಟಾಪು ಹಿಂದಕ್ಕೆ ನಡೆದು ಬೆವರು ಒರೆಸಿಕೊಳ್ಳುತ್ತ ಗೇಟು ತೆರೆದಾಗ, ಕೆಳಮನೆಯ ಬಾಡಿಗೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದಳು.

"ಅಲ್ಲ ರಾಯರೇ, ಇವತ್ತು ರಜಾನಾ?"

"ಇಲ್ಲವಲ್ಲಮ್ಮ. ಈಗಷ್ಟೇ ಬರ್ತಿದೀನಿ."

"ಸುಳ್ಳು ಹೇಳ್ಬೇಡಿ. ಹನ್ನೊಂದು ಗಂಟೇಲಿ ಮೇಲೆ ಯಾರ ಹತ್ರ ಮಾತಾಡ್ತಿದ್ರಿ ಮತ್ತೆ? 'ಆ ಕಡೆ ನೋಡಿ, ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ' ಅಂತ. ಇದೇನಪ್ಪ, ಗಿಡದಿಂದ್ಲೂ ರಕ್ತ ತೆಗೆಯೋಕೆ ಶುರು ಮಾಡಿದ್ರು ಅಂದ್ಕೊಂಡೆ. ಹೊಲೀತಿದ್ದ ತೋಳು ಬಿಟ್ಟು ನನ್ನ ತೋಳು ಹಿಡ್ಕೊಂಡು ಕೂತೆ ನೋಡಿ!"

ಅವಳು ಕಿಲಕಿಲ ನಕ್ಕಳು. ರಾಯರು ಮೆಟ್ಟಿಲ ಕಂಬಿ ಹಿಡಿದುಕೊಂಡರು. ಹನ್ನೊಂದು ಗಂಟೆಗೆ ಅವರು ಒಬ್ಬ ಸ್ಥೂಲಕಾಯದ ಲಾರಿ ಮಾಲೀಕನ ತೋಳಿನಲ್ಲಿ ನರ ಹುಡುಕುತ್ತಿದ್ದರು. ಸಹಿಯಿದೆ, ಸಾಕ್ಷಿಯಿದೆ, ಬೈಸಿಕೊಂಡದ್ದೂ ಇದೆ.

"ಸರಿಯಾಗಿ ಕೇಳಿಸ್ತೇನಮ್ಮ? ನನ್ನ ದನಿನೇನಾ?"

"ಅಯ್ಯೋ, ನಿಮ್ಮ ದನಿ ಗೊತ್ತಾಗಲ್ವಾ? ಆ ಇರುವೆ ನನ್ನನ್ನೂ ಆರು ಸಲ ಕಚ್ಚಿದೆ!"

ಆ ದನಿಯನ್ನು ಕದಿಯಬಲ್ಲವನು ಒಬ್ಬನೇ ಒಬ್ಬ ಇದ್ದ. ಇದ್ದ ಎನ್ನಬೇಕೋ, ಇದ್ದಾನೆ ಎನ್ನಬೇಕೋ ರಾಯರಿಗೆ ತಿಳಿಯದೆ ಮೂರು ವರ್ಷವಾಗಿತ್ತು.

ಮಗನಿಗೆ ಆಗ ಹತ್ತೊಂಬತ್ತು. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದವನು. ಅಪ್ಪನ ದನಿ, ಅಪ್ಪನ ಅಕ್ಷರವಂತೂ ಅವನಿಗೆ ನೀರು ಕುಡಿದಷ್ಟು ಸಲೀಸು. ಆ ದಿನಗಳಲ್ಲಿ ರಾಯರು ಅವಧಿ ಮುಗಿದ ಗ್ಲೂಕೋಸ್ ಬಾಟಲಿಗಳನ್ನು ಲ್ಯಾಬಿನಿಂದ ತಂದು, ನೀರು ಬೆರೆಸಿ, ಹಸಿಮೆಣಸಿನ ಗಿಡವೊಂದಕ್ಕೆ ಹನಿಹನಿಯಾಗಿ ಬಿಡುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಆ ಗಿಡದಲ್ಲಿ ಮೂರು ದಪ್ಪ ಮೆಣಸಿನಕಾಯಿ! ಮುಷ್ಟಿಗಾತ್ರದವು. ಬೇರೆ ಯಾರಾದರೂ ಆಗಿದ್ದರೆ ಕಿತ್ತು ನೋಡುತ್ತಿದ್ದರು. ಸ್ಯಾಂಪಲ್ ಮುಟ್ಟಿದರೆ ಕೆಡುತ್ತದೆಂಬ ಶಿಸ್ತಿನವರಾದ ರಾಯರು ಮುಟ್ಟದೆ, ಅಳತೆಪಟ್ಟಿಯನ್ನು ಗಾಳಿಯಲ್ಲೇ ಹಿಡಿದು ಅಳೆದು, ನಾಲ್ಕು ಪುಟ ವರದಿ ಬರೆದರು. ಭಾನುವಾರ ಲ್ಯಾಬಿನ ದೊಡ್ಡ ಡಾಕ್ಟರನ್ನೂ ಹನ್ನೊಂದು ಜನ ಸಹೋದ್ಯೋಗಿಗಳನ್ನೂ ತಾರಸಿಗೆ ಕರೆದರು. ಡಾಕ್ಟರು ವರದಿ ಓದಿದರು, ಗಿಡ ನೋಡಿದರು, ಒಂದು ಕಾಯಿ ಹಿಡಿದೆಳೆದರು. ಕಾಯಿಯ ಹಿಂದೆ ಒಂದು ಗೇಣು ಹಸಿರು ದಾರ ಬಂತು.

ದಾರ ಕಟ್ಟಿದ್ದ ಮಗನೂ ಸೇರಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಡಾಕ್ಟರು ಕಣ್ಣೊರೆಸಿಕೊಳ್ಳುತ್ತ, "ನಿಮ್ಮ ರಿಪೋರ್ಟೆಲ್ಲ ಹೀಗೇನಾ ರಾಯರೇ?" ಅಂದರು. ತಮಾಷೆಗೇ ಅಂದದ್ದು. ರಾಯರ ಮುಖದಲ್ಲಿ ಮಾತ್ರ ತೊಟ್ಟು ರಕ್ತವಿರಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ಮಗ ಹತ್ತಿರ ಬಂದು, ಸಮಾಧಾನ ಮಾಡಲೆಂದೋ ಏನೋ, ಅವರದೇ ದನಿಯಲ್ಲಿ, "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಅಂದ. ಕೆನ್ನೆಗೆ ಬಿತ್ತು ಏಟು. "ಇನ್ನು ನನ್ನ ಕಣ್ಣಿಗೆ ಬೀಳಬೇಡ."

ಹುಟ್ಟಿದಾಗಿನಿಂದ ಒಂದು ಮಾತೂ ಕೇಳದ ಹುಡುಗ ಅದೊಂದನ್ನು ಕೇಳಿದ. ಸಂಜೆಯ ಹೊತ್ತಿಗೆ ಮನೆಯಲ್ಲಿರಲಿಲ್ಲ. ಪೇಪರಿನಲ್ಲಿ ಫೋಟೋ ಹಾಕಿಸಿದರು, ಆಸ್ಪತ್ರೆಗಳ ಹಾಸಿಗೆ ಹಾಸಿಗೆ ನೋಡಿ ಬಂದರು. ಹಾಸಿಗೆಯಿಲ್ಲದ ಕೋಣೆಗೂ ಎರಡು ಸಲ ಹೋಗಿ, ಬಿಳಿ ಬಟ್ಟೆ ಎತ್ತಿಸಿ ನೋಡಿ ಬಂದರು. ಹಸಿಮೆಣಸಿನ ಗಿಡ ಒಣಗಿತು. ಅದರ ಕುಂಡವನ್ನು ರಾಯರು ಎಸೆಯಲಿಲ್ಲ. ಮಣ್ಣು ಬದಲಿಸಿ, ಟೊಮೆಟೊ ಹಾಕಿ, 22 ಎಂದು ಬರೆದರು.

ಈಗ, ಟೈಲರಮ್ಮನ ಕಿಟಕಿಯ ಮುಂದೆ ನಿಂತ ರಾಯರ ಬೆನ್ನಹುರಿಯಲ್ಲಿ ತಣ್ಣಗೆ ಹರಿದದ್ದು ಆ ಯೋಚನೆಯೇ. ಮನುಷ್ಯ ಇದ್ದಿದ್ದರೆ ಮನುಷ್ಯನೇ ಬರುತ್ತಿದ್ದ. ದನಿಯೊಂದೇ ಬಂದಿದೆಯೆಂದರೆ?

ಮಹಡಿ ಹತ್ತಿದವರು ಹೆಂಡತಿಯನ್ನು ಕೇಳಿದರು. "ತಾರಸಿಗೆ ಯಾರಾದ್ರೂ ಬರ್ತಾರೇನೇ?"

ಹೆಂಡತಿ ತಟ್ಟೆ ತೊಳೆಯುತ್ತಿದ್ದಳು. ತಿರುಗಲಿಲ್ಲ. "ಕಾಗೆ ಬರುತ್ತೆ."

"ತಮಾಷೆ ಬೇಡ. ಮೇಲೆ ನನ್ನ ಹಾಗೆ ಮಾತಾಡಿದ್ದು ಕೇಳಿಸ್ತಂತೆ."

"ನಿಮ್ಮ ಹಾಗೆ ಮಾತಾಡಿದ್ರೆ ಒಳ್ಳೇದೇ ಆಯ್ತಲ್ಲ. ನೀವಂತೂ ಮಾತಾಡೋದೇ ನಿಲ್ಲಿಸಿದೀರಿ."

ರಾಯರು ಮೇಲೆ ಹೋದರು. ಪುದೀನದ ವಾಸನೆ. ಇಪ್ಪತ್ತೆರಡನೇ ಕುಂಡದಲ್ಲಿ ಹೊಸ ಚೀಟಿ: "22. ಟೊಮೆಟೊ. ಸೊರಗಿದೆ. ನೀವೂ."

ಮಟಮಟ ಬಿಸಿಲಿನಲ್ಲಿ ಅವರ ಮೈಮೇಲೆ ಮುಳ್ಳೆದ್ದವು. ಯಾವುದೋ ಕಣ್ಣು ತಮ್ಮನ್ನು ನೋಡುತ್ತಿದೆ. ತಾವು ನೀರು ಹಾಕುವುದನ್ನು, ಬಸ್ಸು ಹತ್ತುವುದನ್ನು, ಅಂಗಿಯ ಕಾಲರು ಸಡಿಲವಾದದ್ದನ್ನು ಅದು ನೋಡಿದೆ. ತಮಗೆ ಮಾತ್ರ ಅದು ಕಾಣುತ್ತಿಲ್ಲ. ರಾಯರು ಚೀಟಿಯನ್ನು ಜೇಬಿಗಿಟ್ಟುಕೊಂಡರು. ಮರುದಿನ ಇಡೀ ಬೆಳಿಗ್ಗೆ ರಕ್ತ ತೆಗೆಯುವಾಗ ಅದು ಎದೆಯ ಮೇಲೆ ಚರಪರ ಅನ್ನುತ್ತಿತ್ತು. ಹನ್ನೆರಡಕ್ಕೆ ಸೂಜಿ ಕೆಳಗಿಟ್ಟು, ತಲೆನೋವೆಂದು ಹೇಳಿ ಹೊರಟುಬಿಟ್ಟರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

ಹನ್ನೆರಡೂವರೆಗೆ ತಾರಸಿಗೆ ಕಾಲಿಟ್ಟಾಗ ಹೆಂಡತಿ ಅಲ್ಲಿದ್ದಳು. ಒಗೆದ ಬಟ್ಟೆಯ ಬಕೆಟ್ಟನ್ನು ಎದೆಗವಚಿಕೊಂಡು, ನೀರಿನ ತೊಟ್ಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವರನ್ನು ನೋಡಿದವಳ ಮುಖ ಬಿಳಿಚಿತು. ರಾಯರು ಅವಳನ್ನು ನೋಡಲಿಲ್ಲ. ನೋಡಿದ್ದು ಇಪ್ಪತ್ತೆರಡನೇ ಕುಂಡವನ್ನು. ನಿನ್ನೆಯಷ್ಟೇ ಎರಡು ಹಳದಿ ಹೂ ಬಿಟ್ಟಿದ್ದ ಬಡಕಲು ಗಿಡದಲ್ಲಿ, ಕೆಂಡದಂಥ ಕೆಂಪು ಟೊಮೆಟೊ ತೂಗುತ್ತಿತ್ತು. ಭಾರಕ್ಕೆ ಗಿಡ ನಡು ಬಾಗಿ ನಿಂತಿತ್ತು.

ಮಂಡಿಯೂರಿ ಕನ್ನಡಕ ಸರಿಮಾಡಿಕೊಂಡರು. ತೊಟ್ಟಿನ ಬಳಿ ಹಸಿರು ದಾರ. ಹಣ್ಣಿನ ಮೇಲೆ ತರಕಾರಿ ಅಂಗಡಿಯ ತೂಕದ ಚೀಟಿ. ಚೀಟಿಯ ಮನುಷ್ಯರಲ್ಲವೇ, ಮೊದಲು ತಾರೀಖು ನೋಡಿದರು. ಇವತ್ತಿನದು. ಬೆಳಿಗ್ಗೆ ಹತ್ತೂ ಇಪ್ಪತ್ತಮೂರು.

ಸತ್ತವರು ದಾರ ಕಟ್ಟಿದರೂ ಕಟ್ಟಿಯಾರು; ಹತ್ತೂ ಇಪ್ಪತ್ತಮೂರಕ್ಕೆ ಟೊಮೆಟೊ ತೂಗಿಸಿಕೊಂಡು ಬರಲಾರರು.

"ಎಷ್ಟು ದಿನದಿಂದ?" ರಾಯರು ಮಂಡಿಯೂರಿದಲ್ಲಿಂದಲೇ ಕೇಳಿದರು.

"ಎರಡು ತಿಂಗಳಾಯ್ತು ಊರಿಗೆ ಬಂದು," ಹೆಂಡತಿ ನೆಲಕ್ಕೆ ಹೇಳಿದಳು. "ತರಕಾರಿ ಅಂಗಡೀಲಿ ತೂಕದ ಹತ್ರ ನಿಲ್ತಾನೆ. ಗಿರಾಕಿಗಳ ದನೀಲೇ ಅವರಿಗೆ ಉತ್ತರ ಕೊಡ್ತಾನಂತೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಏನು ಹೇಳ್ಲಿ? ಕಣ್ಣಿಗೆ ಬೀಳಬೇಡ ಅಂದಿದ್ರಿ. ಬಿದ್ದಿಲ್ಲ. ನೀವು ಹೋದ ಮೇಲೆ ಬರ್ತಾನೆ, ಗಿಡ ನೋಡ್ತಾನೆ, ತೊಟ್ಟಿ ಹಿಂದೆ ಕೂತು ತಿಂದ್ಕೊಂಡು ಹೋಗ್ತಾನೆ. ಒಳಗೆ ಬಾರೋ ಅಂದ್ರೆ, 'ಅಪ್ಪ ಅವತ್ತು ನಗಲಿಲ್ವಲ್ಲಮ್ಮ' ಅಂತಾನೆ. ಅದೊಂದೇ ಮಾತು."

"ಈಗ ಎಲ್ಲಿದಾನೆ?"

ಅವಳು ಬಕೆಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ತೊಟ್ಟಿಯ ಮುಂದೆ ಇನ್ನಷ್ಟು ಅಗಲವಾಗಿ ನಿಂತಳು. ರಾಯರು ಎದ್ದು ಒಂದು ಹೆಜ್ಜೆ ಇಟ್ಟರು. ತೊಟ್ಟಿಯ ಹಿಂದೆ ಏನೋ ಸರಿದಾಡಿತು. ಅದರಾಚೆ ಗೋಡೆ ತಗ್ಗು, ಗೋಡೆಯಾಚೆ ಪಕ್ಕದ ಮನೆಯ ತಾರಸಿ. ಇನ್ನೊಂದು ಹೆಜ್ಜೆ ಇಟ್ಟರೆ ಹಾರಿಬಿಡುತ್ತಾನೆ. ರಾಯರು ನಿಂತರು.

ತಿರುಗಿ ಕುಂಡದ ಹತ್ತಿರ ಬಂದರು. ಟೊಮೆಟೊವನ್ನು ಮುಷ್ಟಿಯಲ್ಲಿ ಹಿಡಿದು ಎಳೆದರು. ದಾರ ಬಿಗಿಯಿತು, ಗಿಡ ಬಾಗಿ ಬಾಗಿ ಬಂತು, ಪಟಕ್ಕನೆ ದಾರ ತುಂಡಾಗಿ, ಗಿಡ ಹಿಂದಕ್ಕೆ ಚಿಮ್ಮಿ, ಎರಡೂ ಹೂ ರಾಯರ ಮೂಗಿಗೆ ಬಡಿದವು.

"ಹ್ಹ," ಅಂದರು ರಾಯರು.

ಅದು ನಗೆಯಾಗಿರಲಿಲ್ಲ, ತುಕ್ಕು ಹಿಡಿದ ನಲ್ಲಿಯಿಂದ ಮೊದಲು ಬರುವ ಬರೀ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದರು. ಆಗ ಕಣ್ಣ ಮುಂದೆ ಬಂದದ್ದು ಗಾಳಿಯಲ್ಲಿ ಅಳತೆಪಟ್ಟಿ ಹಿಡಿದು ಅಂಗಡಿಯ ಮೆಣಸಿನಕಾಯಿ ಅಳೆಯುತ್ತಿದ್ದ ತಾವೇ. ನಾಲ್ಕು ಪುಟ! ಅದರಲ್ಲಿ ಒಂದು ನಕ್ಷೆ ಬೇರೆ! ಹೊಟ್ಟೆಯ ಎಲ್ಲೋ ಅಡಿಯಲ್ಲಿ ಏನೋ ಕಿತ್ತುಕೊಂಡಿತು. ರಾಯರು ನಕ್ಕರು. ಬಕೆಟ್ಟು ಹಿಡಿದ ಹೆಂಡತಿಗೂ ತಡೆಯಲಾಗಲಿಲ್ಲ. ಕೆಳಗೆ ಹೊಲಿಗೆ ಯಂತ್ರ ನಿಂತಿತು, "ಏನಾಯ್ತು, ಏನಾಯ್ತು?" ಎಂದು ಕೇಳುತ್ತ ಕೇಳುತ್ತಲೇ ಟೈಲರಮ್ಮ ಸುಮ್ಮಸುಮ್ಮನೆ ನಗತೊಡಗಿದಳು. ತೊಟ್ಟಿಯ ಹಿಂದಿನಿಂದಲೂ ಒಂದು ನಗೆ, ಅಂಗೈ ಅಡ್ಡ ಹಿಡಿದು ನಕ್ಕದ್ದು, ಕೇಳಿಸಿತು. ಎಲ್ಲವನ್ನೂ ಮೀರಿ ರಾಯರ ನಗೆ, ತೆಂಗಿನಕಾಯಿಗಳನ್ನು ಮೆಟ್ಟಿಲ ಮೇಲೆ ಉರುಳಿಸಿದ ಹಾಗೆ, ಬೀದಿಗೆ ಇಳಿಯಿತು.

ನಕ್ಕು ಸುಸ್ತಾಗಿ, ಕಣ್ಣಿನ ನೀರಿಗೆಂದು ಕನ್ನಡಕ ತೆಗೆದರು. ತೆಗೆದದ್ದನ್ನು ಮತ್ತೆ ಹಾಕಿಕೊಳ್ಳಲಿಲ್ಲ, ಮಡಚಿ ಜೇಬಿಗಿಟ್ಟರು. ಕನ್ನಡಕವಿಲ್ಲದಿದ್ದರೆ ಅವರಿಗೆ ಹುರುಳಿಕಾಯಿ ಯಾವುದು, ಕೋಲು ಯಾವುದು ತಿಳಿಯುತ್ತಿರಲಿಲ್ಲ, ಯಾರೂ ಕಣ್ಣಿಗೆ ಬೀಳುವಂತೆಯೂ ಇರಲಿಲ್ಲ. ತಡವರಿಸುತ್ತ ಒಂದು ಖಾಲಿ ಡಬ್ಬಿ ಬೋರಲು ಹಾಕಿ, ತೊಟ್ಟಿಗೆ ಬೆನ್ನು ಮಾಡಿ, ಎದುರು ಬದಿಯ ಗೋಡೆಯ ಕಡೆ ಮುಖ ಮಾಡಿ ಕೂತರು. ಟೊಮೆಟೊ ಇನ್ನೂ ಕೈಯಲ್ಲೇ ಇತ್ತು.

ನಗೆ ಎಲ್ಲ ಕಡೆಯೂ ಇಳಿದು ನಿಂತ ಮೇಲೆ, ತೊಟ್ಟಿಯಿಂದ ಹನಿ ಬೀಳುವುದು ಕೇಳಿಸಿತು. ಆಮೇಲೆ ಪುದೀನದ ವಾಸನೆ ಎದ್ದಿತು, ಹಿಂದೆಂದೂ ಇಲ್ಲದಷ್ಟು, ಸೊಪ್ಪನ್ನು ಬುಡದಿಂದ ತುಳಿದು ಬರುತ್ತಿರುವ ಹಾಗೆ. ರಾಯರು ತಿರುಗಲಿಲ್ಲ. ಹತ್ತಿರ, ಇನ್ನೂ ಹತ್ತಿರ, ಬೆನ್ನ ಹಿಂದೆಯೇ ಅದು ಬಂದು ನಿಂತಿತು.

"ಹ್ಞಾಂ," ಅಂದಿತು ರಾಯರದೇ ದನಿ. "ಮುಷ್ಟಿ ಬಿಡಿ."

ರಾಯರು ಒಂದೊಂದೇ ಬೆರಳು ಬಿಡಿಸಿದರು. ಟೊಮೆಟೊದ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು. ತುಂಡಾದ ಹಸಿರು ದಾರ ಅಂಗೈಯಿಂದ ಇಳಿಬಿದ್ದು ಗಾಳಿಗೆ ಅಲ್ಲಾಡುತ್ತಿತ್ತು.