ಜೊಂಡಿಲಿಯ ಸಾರು

ನಮ್ಮ ಡೊಂಗ್‌ಟಿಂಗ್ ಸರೋವರದ ಕಡೆ ಗಂಡಸಿನ ಹೊಟ್ಟೆ ಉಬ್ಬಿತೆಂದರೆ ಏನು ತಿಂದ ಎಂದು ಯಾರೂ ಕೇಳುವುದಿಲ್ಲ, ಯಾವ ನೀರಿಗಿಳಿದಿದ್ದ ಎಂದು ಕೇಳುತ್ತಾರೆ. ನನ್ನ ಗಂಡ ಮಾವ್‌ಶೆಂಗ್ ಇಳಿಯದ ನೀರಿಲ್ಲ. ಮೂವತ್ತು ವರ್ಷ ಜೊಂಡು ಕೊಯ್ದ, ಮೀನು ಹಿಡಿದ. ಬಸವನಹುಳುಗಳಿಂದ ನೀರಿಗೆ ಬೀಳುವ ರಕ್ತದ ಹುಳುಗಳನ್ನು ಕಾಲಿನ ಚರ್ಮದಿಂದಲೇ ಒಳಗೆ ಕರೆದುಕೊಂಡ. ಎರಡು ಸಲ ಮಾತ್ರೆ ನುಂಗಿ, ಎರಡು ಸಲವೂ ಮತ್ತೆ ನೀರಿಗಿಳಿದ. ಮೂರನೆಯ ಸಲ ಮಾತ್ರೆ ಕೊಟ್ಟ ಡಾಕ್ಟರಮ್ಮ ಅವನನ್ನು ಬಿಟ್ಟು ನನಗೆ ಹೇಳಿದರು.

"ಇನ್ನೊಂದು ಸಲ ಹುಳ ಹೊಕ್ಕರೆ ಲಿವರ್ ತಡೆಯಲ್ಲ. ಅವರ ಕಾಲು ಒದ್ದೆಯಾಗೋಕೆ ಬಿಡಬೇಡಿ."

ಮನೆಯಲ್ಲಿ ಕೂರಿಸಿದೆ. ಹದಿನೈದು ದಿನ ಕಳೆದರೂ ಹೊಟ್ಟೆ ಇಳಿಯಲಿಲ್ಲ. ಒಂದೇ ದಿನದಲ್ಲಿ ನುಂಗಿ ಮುಗಿಸಿದ ನಾಲ್ಕು ಮಾತ್ರೆ ಮೂವತ್ತು ವರ್ಷದ ಹುಳುವನ್ನು ಏನು ಮಾಡೀತು ಎಂದು ನನಗೆ ದಿಗಿಲಾಯಿತು.

ನಾನು ಪೇಟೆಯ ಹುಳುರೋಗದ ಕೇಂದ್ರದಲ್ಲಿ ಪಂಜರ ತೊಳೆಯುವವಳು. ಅಲ್ಲಿ ಸಂಶೋಧನೆ ಮಾಡುವ ಚಿಯು ಮೇಷ್ಟ್ರು ಅದೇ ಹುಳುವನ್ನು ಬೇರೆ ಬೇರೆ ಪ್ರಾಣಿಗಳಿಗೆ ಹೊಗಿಸಿ ಎಷ್ಟೆಷ್ಟು ಬೆಳೆಯಿತೆಂದು ನೋಡುತ್ತಿದ್ದರು. ಒಂದು ದಿನ ಗಾಜಿನ ತಟ್ಟೆಗಳನ್ನು ಸಾಲಾಗಿಟ್ಟು ನನ್ನನ್ನು ಕರೆದರು.

"ಇದು ಮೇಕೆಯೊಳಗೆ ಬೆಳೆದದ್ದು, ಚೆನ್ನಾಗಿ ಮೈ ತುಂಬ್ಕೊಂಡಿದೆ. ಎಮ್ಮೇದು ಇದಕ್ಕಿಂತ ಗಿಡ್ಡ. ಹೆಗ್ಗಣದೊಳಗೆ ಬದುಕುತ್ತೆ, ಆದ್ರೆ ಬಡಕಲು. ಮೊಟ್ಟೇನೂ ಸರಿಯಾಗಿ ಇಡಲ್ಲ."

"ಈ ತಟ್ಟೇಲಿ ಏನೂ ಇಲ್ವಲ್ಲ?"

"ಅದು ಜೊಂಡಿಲೀದು. ನಿಮ್ಮೂರ ಜೊಂಡಿನಲ್ಲಿ ಓಡಾಡುತ್ತಲ್ಲ, ಅದೇ. ಅದರ ಮೈಯೊಳಗೆ ಹೊಕ್ಕ ಹುಳ ಬೆಳೆಯೋದೇ ಇಲ್ಲ, ಕೆಲವೇ ವಾರದಲ್ಲಿ ಸತ್ತುಹೋಗುತ್ತೆ."

ಆ ಖಾಲಿ ತಟ್ಟೆಯ ಮೇಲಿಂದ ನನ್ನ ಕಣ್ಣು ಕೀಳಲಾಗಲಿಲ್ಲ.

"ಅದರ ಸಾರು ಮಾಡಿ ಕುಡಿಸಿದ್ರೆ?" ಎಂದೆ.

ಮೇಷ್ಟ್ರು ನಕ್ಕರು. "ಮೀನು ತಿಂದವರೆಲ್ಲ ಈಜ್ತಾರೇನಮ್ಮ? ಅದು ಜೀವ ಇರೋ ಮೈಯ ಗುಣ, ಬೇಯಿಸಿದ ಮಾಂಸದ್ದಲ್ಲ. ಮಾತ್ರೆ ಕೊಟ್ಟಿದೀವಿ, ಹೊಟ್ಟೆ ಇಳಿಯೋಕೆ ಟೈಮ್ ಬೇಕು. ಸ್ವಲ್ಪ ತಾಳ್ಮೆ ಇರಲಿ."

ತಾಳ್ಮೆಯಂತೆ. ಉಬ್ಬಿದ ಹೊಟ್ಟೆಯ ಪಕ್ಕದಲ್ಲಿ ಮಲಗುವವಳು ನಾನು, ಅವರಲ್ಲ.

ಅಷ್ಟರಲ್ಲಿ ಸರೋವರ ತುಂಬಿತು. ನೀರೇರಿದಾಗ ಜೊಂಡಿಲಿಗಳು ಬಿಲ ಬಿಟ್ಟು ಜೊಂಡಿನ ತುದಿಗೆ ಗೊಂಚಲು ಗೊಂಚಲಾಗಿ ಹತ್ತಿ ಕೂರುತ್ತವೆ. ಹಿಡಿದು, ಹೊಗೆಯಲ್ಲಿ ಒಣಗಿಸಿ, ಮೆಣಸಿನಕಾಯಿ ಹಾಕಿ ತಿನ್ನುವುದು ನಮ್ಮಲ್ಲಿ ಮೊದಲಿಂದಲೂ ಇದ್ದದ್ದೇ. ಒಂಬತ್ತು ದಿನ ಬುಟ್ಟಿ ಹಿಡಿದು ಸೊಂಟಮಟ್ಟದ ನೀರಿಗಿಳಿದೆ. ಆ ನೀರಿನಲ್ಲಿ ಏನಿದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಳುವನ್ನು ಕೊಲ್ಲುವ ಇಲಿಯೂ ಅಲ್ಲೇ ಇತ್ತಲ್ಲ.

ಹುಳು ಹೊಕ್ಕ ಕಡೆಯೆಲ್ಲ, ಕಾಲ ತುಂಬ ಕೆಂಪು ಗುಳ್ಳೆಗಳೆದ್ದವು. ಸಾರಿನ ಬಟ್ಟಲು ಕೊಡುವಾಗ ಮಾವ್‌ಶೆಂಗ್ ನೋಡಿಬಿಟ್ಟ.

"ಏನೇ ಮುದುಕಿ, ಕಾಲಿಗೇನಾಯ್ತು?"

"ಸೊಳ್ಳೆ. ಸುಮ್ನೆ ಕುಡಿ."

"ಎಂಥ ಸೊಳ್ಳೆಯೋ. ನಿನ್ನ ಮೂತಿಗೆ ಹೆದರಿ ಕಾಲಿಗೇ ಕಚ್ಚಿದೆ."

ಕುಡಿದ. ದಿನಾ ಕುಡಿದ. ಇಪ್ಪತ್ತು ದಿನಕ್ಕೆ ಹೊಟ್ಟೆ ಇಳಿಯತೊಡಗಿತು, ಅವನ ಹಳೆಯ ಬೆಲ್ಟು ಮತ್ತೆ ಸೊಂಟಕ್ಕೆ ಬಂತು. ನಾನು ಬೀದಿಯವರಿಗೆಲ್ಲ ಸಾರಿಕೊಂಡು ಬಂದೆ. ಡಾಕ್ಟರಿಗಾಗದ್ದು ನನ್ನ ಸಾರಿಗಾಯಿತು ಎಂದು ಅವನ ಮುಂದೆಯೂ ದಿನಕ್ಕೆ ಹತ್ತು ಸಲ ಹೇಳಿದೆ. ಈಗ ಆ ನಾಲಿಗೆಯನ್ನು ಕಿತ್ತು ಹಾಕಬೇಕೆನಿಸುತ್ತದೆ.

ಮರುತಿಂಗಳು ನನಗೆ ಜ್ವರ ಬಂತು. ಹಾಸಿಗೆ ಹಿಡಿದೆ, ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಚಿಯು ಮೇಷ್ಟ್ರು ತಾವೇ ಮಾತ್ರೆ ಹಿಡಿದು ಮನೆಗೆ ಬಂದರು. ಮಾವ್‌ಶೆಂಗ್ ಹೊರಗೆ ಹೋಗಿದ್ದ. ನೀರಿಗಿಳಿದದ್ದನ್ನು ಅವರ ಮುಂದೆ ಒಪ್ಪಿಕೊಂಡೆ. ಅವರು ಬಯ್ಯಲಿಲ್ಲ.

"ಅವನ ಹೊಟ್ಟೆ ಇಳಿಸಿದ್ದು ಮಾತ್ರೆ ಕಣಮ್ಮ. ಸಾರಲ್ಲ. ಮೂರೂ ಸಲ ಮಾತ್ರೇನೇ ಅವನನ್ನ ಉಳಿಸಿದ್ದು. ನೀನೂ ಹುಷಾರಾಗ್ತೀಯ," ಎಂದವರು ಒಲೆಯ ಮೇಲಕ್ಕೆ ನೋಡಿದರು. "ಇನ್ನೂ ಎಷ್ಟು ನೇತು ಹಾಕಿದೀಯ? ಒಳ್ಳೇ ಹಸಿಹಸಿ ಇವೆಯಲ್ಲ."

ನಾನು ತಲೆಯೆತ್ತಿ ನೋಡಿದೆ. ಹುರಿಯಲ್ಲಿ ಆರು ಜೊಂಡಿಲಿಗಳಿದ್ದವು. ಒಂದಕ್ಕೂ ಹೊಗೆ ಹಿಡಿದಿರಲಿಲ್ಲ. ನಾನು ಹಿಡಿದು ತಂದವು ಮುಗಿದು ಎಷ್ಟೋ ದಿನವಾಗಿತ್ತು. ಜ್ವರದ ಮಂಪರಿನಲ್ಲಿ ಇಷ್ಟು ದಿನ ಬಾಯಿಗೆ ಬಿದ್ದ ಸಾರು ಯಾವುದರದು ಎಂದು ನಾನು ಕೇಳಿಯೇ ಇರಲಿಲ್ಲ.

ಮೇಷ್ಟ್ರು ಹೋದ ಮೇಲೆ ಮಾವ್‌ಶೆಂಗ್ ಬಂದ. ಹಿತ್ತಲ ಬಾಗಿಲಿನಿಂದ ಬಂದ, ಬುಟ್ಟಿಯನ್ನು ಹೊರಗೇ ಇಟ್ಟ. ಒಲೆ ಹಚ್ಚಿ, ಶುಂಠಿ ಜಜ್ಜಿ, ಬಟ್ಟಲು ತುಂಬಿಸಿ ನನ್ನ ಪಕ್ಕ ಕುಳಿತ. ಪ್ಯಾಂಟು ಬದಲಿಸಿದ್ದ.

"ಕುಡಿ. ನನ್ನನ್ನ ಉಳಿಸಿದ್ದು ನಿನ್ನನ್ನ ಉಳಿಸಲ್ವಾ?"

"ಇದರಲ್ಲಿ ಏನೂ ಇಲ್ಲ. ನಿನ್ನ ಉಳಿಸಿದ್ದು ಮಾತ್ರೆ. ನಾನು ಸುಳ್ಳು ಹೇಳಿದ್ದು."

"ಜ್ವರದಲ್ಲಿ ಏನೇನೋ ಬಡಬಡಿಸ್ತೀಯ. ಬೆಲ್ಟು ನೋಡು, ಎರಡು ತೂತು ಒಳಗೆ ಬಂದಿದೆ."

"ಇಲಿ ಎಲ್ಲಿ ಸಿಕ್ತು?"

"ಏರಿ ಮೇಲೆ. ತಾವೇ ಹತ್ತಿ ಬಂದಿದ್ವು."

ಅವನು ಒಂದು ಪಾದದಿಂದ ಇನ್ನೊಂದನ್ನು ಉಜ್ಜುತ್ತಿದ್ದ. ಕೈ ಚಾಚಿ ಅವನ ಪ್ಯಾಂಟನ್ನು ಮೇಲಕ್ಕೆ ಸರಿಸಿದೆ. ಮೊಣಕಾಲಿನವರೆಗೂ ಕೆಂಪು ಗುಳ್ಳೆಗಳು.

"ಸೊಳ್ಳೆ," ಎಂದ.

ಪ್ಯಾಂಟಿನ ಅಂಚು ಬಿಡದೆ ಕೇಳಿದೆ. "ಎಷ್ಟು ದಿನ ಇಳಿದೆ?"

"ನೀನು ಎಷ್ಟು ದಿನ ಇಳಿದಿದ್ದೆ?"

"ಒಂಬತ್ತು."

"ಹಾಗಾದ್ರೆ ಇನ್ನೊಂದು ದಿನ ಬಾಕಿ," ಎಂದು ಬಟ್ಟಲನ್ನು ನನ್ನ ತುಟಿಗೆ ಹಿಡಿದ.